ನೆಲ ನಿಜಕ್ಕೂ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಕಟ್ಟಿದವರಿಗೆ ಎಲೆಕ್ಟ್ರಿಕ್ ಗಿಟಾರಿನ ಸಹವಾಸ ಇರಲಿಲ್ಲ, ಪಾಪ. ಈ ವಿದ್ಯೆಯಲ್ಲಿ ನೆಲ ನಿಜಕ್ಕೂ ಡೊಂಕಾಗಿರುತ್ತೆ. ನಮಗೆ ಕುಣಿಯೋಕೂ ಬರೋದಿಲ್ಲ ಅನ್ನೋದು ಬೇರೆ ಮಾತು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾದವರು ನುಡಿಸಿ ಹೋದರು. ಕಿವಿ ಗುಂಯ್‌ಗುಡಿಸಿಕೊಂಡು ಮನೆಗೆ ಬಂದವನೇ ತೀರ್ಮಾನ ಮಾಡಿದೆ, ಈ ಸದ್ದು ನನಗೂ ಬೇಕು. ಅವರ ಬೆನ್ನ ಹಿಂದೆ ಲಾರಿಗಟ್ಟಲೆ ಸಾಮಾನು ಇತ್ತು ಅನ್ನೋದನ್ನ ಅನುಕೂಲವಾಗಿ ಮರೆತು, ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಕಿತ್ತಳೆ ಬಣ್ಣದ ಡಬ್ಬಿ ತಂದೆ. ಬಾಸ್ ಡಿಎಸ್-1 ಡಿಸ್ಟಾರ್ಶನ್ ಪೆಡಲ್. ಅಂಗೈಯಗಲ, ಮೂರು ತಿರುಪು, ಕಾಲಲ್ಲಿ ಅದುಮೋಕೊಂದು ಹಲಗೆ. 1978ರಲ್ಲಿ ಹುಟ್ಟಿದ ಮಾಲು, ಈಗಲೂ ಅಂಗಡಿಯಲ್ಲಿ ಸಿಗುತ್ತೆ. ಕರ್ಟ್ ಕೊಬೇನ್ ಕಾಲಡಿಯಲ್ಲೂ ಇದೇ ಇತ್ತು. ಇನ್ನೇನು ಬೇಕು?

ಆಂಪ್ಲಿಫೈಯರ್ ಬೇಕಿತ್ತು. ಅದು ಹೊಳೆದದ್ದು ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ.

"ಆಂಪ್ ಯಾಕೆ ಸಾರ್, ಮೈಕ್‌ಸೆಟ್ ಇದೆಯಲ್ಲ, ಅದಕ್ಕೇ ಚುಚ್ಚಿ" ಅಂದ ಮೈಕ್‌ಸೆಟ್ ಹುಡುಗ. ಚುಚ್ಚಿದೆ. ಹಲಗೆ ಅದುಮಿದೆ. ಖಾಲಿ ಪೌಡರ್ ಡಬ್ಬಿಯಲ್ಲಿ ಕಣಜ ಕೂಡಿಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ಹುಡುಗ ಓಡಿಬಂದು, "ವೈರು ಲೂಸಾಗಿದೆ ಸಾರ್" ಅಂತ ನನ್ನ ವೈರನ್ನೇ ಕಿತ್ತ. ಜನ ಚಪ್ಪಾಳೆ ತಟ್ಟಿದರು. ಆ ಸಂಜೆ ನನಗೆ ಸಿಕ್ಕ ಚಪ್ಪಾಳೆ ಅದೊಂದೇ.

ಗೆಳೆಯ ಅಂದ, "ಪೆಡಲ್ಲೇ ಸರಿಯಿಲ್ಲ ಕಣೋ, ಬೇರೆ ತಗೋ." ಗಿಟಾರ್ ಲೋಕದಲ್ಲಿ ಎಲ್ಲ ರೋಗಕ್ಕೂ ಇದೊಂದೇ ಔಷಧಿ. ತಗೊಂಡೆ. ಇನ್ನೂ ಎರಡು ತಗೊಂಡೆ. "ರೀ, ಇದು ಕೊನೇದಾ?" ಅಂತ ನಮ್ಮನೆಯವಳು ಕೇಳೋದನ್ನೂ ಬಿಟ್ಟಳು, ಕೇಳೋದು ಬಿಟ್ಟರೆ ಇನ್ನೂ ಅಪಾಯ ಅಂತ ಮದುವೆಯಾದವರಿಗೆ ಗೊತ್ತು.

ತಪ್ಪು ಡಬ್ಬಿಯದ್ದಲ್ಲ ಅಂತ ಗೊತ್ತಾಗೋಕೆ ವರ್ಷ ಹಿಡಿಯಿತು. ಅದು ಮಾಡೋದು ಬೇಲಿ ಕತ್ತರಿಸೋ ಮಾಲಿಯ ಕೆಲಸ. ತಂತಿಯಿಂದ ದುಂಡಗೆ ಬರೋ ಅಲೆಯ ನೆತ್ತಿಯನ್ನ ಎರಡು ಡಯೋಡು ಸೇರಿ ಸಪಾಟಾಗಿ ಸವರುತ್ತವೆ. ಸವರಿದ ಕಡೆ ಮೂಲೆ ಏಳುತ್ತೆ, ಆ ಮೂಲೆಗಳಿಂದ ತಂತಿ ಕನಸಲ್ಲೂ ಕಾಣದ ಮೇಲುಸ್ವರಗಳು ಹುಟ್ಟುತ್ತವೆ. ಆ ಸಂತಾನದಲ್ಲಿ ತೀರ ಮೇಲಿನವೇ ನಮ್ಮ ಕಣಜಗಳು. ಗಿಟಾರ್ ಆಂಪಿನ 12 ಇಂಚಿನ ಕಾಗದದ ಸ್ಪೀಕರು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತೆ. ಅದರ ಮಂಕುತನವೇ ಅದರ ಗುಣ. ಮೈಕ್‌ಸೆಟ್ ಹಾಗಲ್ಲ, ಸತ್ಯಹರಿಶ್ಚಂದ್ರ. ಕೊಟ್ಟದ್ದನ್ನೆಲ್ಲ ಊರಿಗೆ ಸಾರುತ್ತೆ. ಗಿಟಾರ್ ಆಂಪು ಮದುವೆಮನೆಯ ಹಿರಿಯ ಸೋದರತ್ತೆ ಥರ. ಕೇಳಿಸಿಕೊಂಡದ್ದರಲ್ಲಿ ಅರ್ಧ ನುಂಗಿ, ಉಳಿದದ್ದನ್ನ ದುಂಡಗೆ ಹೇಳುತ್ತೆ.

ಸರಿ, ಆಂಪಿಗೇ ಹಾಕೋಣ ಅಂತ ತಾಲೀಮಿನ ಸ್ಟುಡಿಯೋ ಒಂದಕ್ಕೆ ಹೋದೆ. ಅಲ್ಲಿದ್ದದ್ದು ರೋಲ್ಯಾಂಡ್ ಜೆಸಿ-120. 1975ರ ತಳಿ, ವಾಲ್ವಿಲ್ಲ, ಬರೀ ಟ್ರಾನ್ಸಿಸ್ಟರು, 120 ವಾಟು. ಬಾಸೂ ರೋಲ್ಯಾಂಡೂ ಒಂದೇ ಮನೆತನ, ಸೋದರಿಕೆಯಲ್ಲಿ ಸಂಬಂಧ ಚೆನ್ನಾಗಿ ನಡೆಯುತ್ತೆ ಅಂದುಕೊಂಡೆ. ನಡೆಯಲಿಲ್ಲ. ಈ ಆಂಪು ಮಡಿ ಹೆಂಗಸು. ಎಷ್ಟು ಜೋರು ಮಾಡಿದರೂ ತಾನು ಮೈಲಿಗೆ ಆಗೋದಿಲ್ಲ, ಪೆಡಲಿನ ಕೊಳೆಯನ್ನ ಬಿಸಿಲಲ್ಲಿ ಹರವಿ ತೋರಿಸುತ್ತೆ. ಟೋನ್ ತಿರುಪು ಹನ್ನೆರಡು ಗಂಟೆಯಲ್ಲಿದ್ದಾಗ ಗಾಜು ಕೆರೆದ ಹಾಗಿದ್ದದ್ದು, ಒಂಬತ್ತಕ್ಕೆ ಇಳಿಸಿದ ಮೇಲೆ ಮನುಷ್ಯರು ಕೇಳೋ ಹಾಗಾಯ್ತು. ಒಂದು ಗಂಟೆ ಬಾಡಿಗೆಯಲ್ಲಿ ಐವತ್ತು ನಿಮಿಷ ಈ ಮೂರು ಗಂಟೆ ಹಿಂದೆ ಹೋಗೋಕೇ ಖರ್ಚಾಯ್ತು.

ಇನ್ನೊಂದು ಕಡೆ ಫೆಂಡರ್ ಟ್ವಿನ್ ರಿವರ್ಬ್. ಇದು ವಾಲ್ವಿನದ್ದೇ, ಆದರೂ 85 ವಾಟಿನ ಶಿಸ್ತು, ಬೇಗ ಒಡೆಯೋದಿಲ್ಲ. ಇದರ ಸ್ವಭಾವದಲ್ಲೇ ನಡುಸ್ವರ ತಗ್ಗು: ತಳ ಉಂಟು, ಮಿಂಚುಂಟು, ಹೊಟ್ಟೆ ಒಳಕ್ಕೆ. ನಾನೋ, ಅದಕ್ಕೆ ಬಿಗ್ ಮಫ್ ಅನ್ನೋ ಪೆಡಲ್ ಜೋಡಿಸಿದೆ. ಅದಕ್ಕೂ ಹೊಟ್ಟೆ ಒಳಕ್ಕೇ. ಒಬ್ಬನೇ ನುಡಿಸಿದಾಗ ಆಹಾ, ಕಟ್ಟಡ ನಡುಗಿತು. ಡ್ರಮ್ಮು, ಬೇಸು ಸೇರಿಕೊಂಡದ್ದೇ ತಡ, ನಾನು ಮಂಗಮಾಯ. ಮನೇಲಿ ಹುಲಿ, ಬೀದೀಲಿ ಇಲಿ. ತಂಡದಲ್ಲಿ ಗಿಟಾರ್ ಬದುಕೋದು ನಡುಸ್ವರದಲ್ಲಿ, ನಾನು ಅದನ್ನೇ ಎರಡು ಸಲ ಕತ್ತರಿಸಿದ್ದೆ. ಇಬಾನೆಜ್‌ನವರ ಹಸಿರು ಟ್ಯೂಬ್ ಸ್ಕ್ರೀಮರ್ ಇದರ ತದ್ವಿರುದ್ಧ. ತಳವನ್ನ ತುಸು ಕಡಿದು ನಡುವನ್ನ ಉಬ್ಬಿಸುತ್ತೆ. ಫೆಂಡರಿನ ತಗ್ಗಿಗೆ ಇದರ ಉಬ್ಬು ಹೇಳಿಮಾಡಿಸಿದ ಹಾಗೆ ಕೂರುತ್ತೆ. ಸ್ಟೀವಿ ರೇ ವಾನ್‌ಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ನನಗೆ ಗೊತ್ತಾಗೋ ಹೊತ್ತಿಗೆ ನಾಲ್ಕನೇ ಡಬ್ಬಿಯ ದುಡ್ಡು ಕೊಟ್ಟಾಗಿತ್ತು.

ಮಾರ್ಷಲ್ ಆದರೆ ಕಥೆಯೇ ಬೇರೆ. ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಅನ್ನೋ ಡ್ರಮ್ಮರು 1962ರಲ್ಲಿ ಫೆಂಡರ್ ಬೇಸ್‌ಮನ್ನನ್ನ ಮುಂದಿಟ್ಟುಕೊಂಡು ತಮ್ಮವರಿಂದ ಕಟ್ಟಿಸಿದ ವಂಶ ಅದು. ಜೋರು ಮಾಡಿದರೆ ತಾನೇ ಗೊರಗೊರ ಅನ್ನುತ್ತೆ. ಅದರ ಮುಂದೆ ಡಿಎಸ್-1 ಇಟ್ಟು ಡಿಸ್ಟಾರ್ಶನ್ ಪೂರ್ತಿ ತಿರುಗಿಸೋದು ಅಂದರೆ ಒಗ್ಗರಣೆ ಬಿದ್ದ ಸಾರಿಗೆ ಮತ್ತೊಂದು ಸೌಟು ಒಗ್ಗರಣೆ. ಎಣ್ಣೆ ತೇಲುತ್ತೆ, ಬೇಳೆ ಕಾಣೋದಿಲ್ಲ. ಡಿಸ್ಟಾರ್ಶನ್ ತಿರುಪನ್ನ ಸೊನ್ನೆಯ ಹತ್ತಿರ ಇಟ್ಟು ಲೆವೆಲ್ ಏರಿಸಬೇಕು. ಪೆಡಲ್ ಬರೀ ಬೆನ್ನಿಗೆ ಗುದ್ದುತ್ತೆ, ಕೂಗೋದು ಆಂಪು.

ಇದನ್ನೆಲ್ಲ ಡಬ್ಬಿಯೇ ಇಲ್ಲದೆ ಮಾಡಿದ ಮಹಾನುಭಾವ ಡೇವ್ ಡೇವಿಸ್. ಕಿಂಕ್ಸ್ ತಂಡದ ಹುಡುಗ. ಎಲ್ಪಿಕೊ ಅನ್ನೋ ಪುಟ್ಟ ಆಂಪಿನ ಸ್ಪೀಕರನ್ನ ಬ್ಲೇಡಿನಿಂದ ಸೀಳಿ, ಅದರ ಸದ್ದನ್ನ ವಾಕ್ಸ್ ಎಸಿ30ಗೆ ಹರಿಸಿದ. 1964ರಲ್ಲಿ ಆ ಸದ್ದು ಹೊತ್ತು ಬಂದ ಹಾಡು ಇಂಗ್ಲೆಂಡನ್ನೇ ಅಲ್ಲಾಡಿಸಿತು. ಒಂದು ಬ್ಲೇಡಿನ ಖರ್ಚು! ಈ ಕಥೆಯನ್ನ ನಮ್ಮನೆಯವಳಿಗೆ ಹೇಳಿಲ್ಲ. ಬ್ಲೇಡು ಮನೆಯಲ್ಲೇ ಇದೆ.

ಕೊನೆಗೆ ಮನೆಗೊಂದು ಚಿಕ್ಕ ಆಂಪು ತಂದೆ. ಆಗ ಬಂದವರು ಊರಿನ ದೊಡ್ಡಮ್ಮ. ಅರವತ್ತು ವರ್ಷ ತಂಬೂರಿ ಮೀಟಿದ ಕೈ. ನಾನು ಹಲಗೆ ಅದುಮಿದೆ. ಕಿವಿ ಮುಚ್ಚಿಕೊಳ್ಳುತ್ತಾರೆ ಅಂದುಕೊಂಡರೆ, ತಲೆ ಓರೆ ಮಾಡಿ ಕೇಳಿದರು.

"ದಾರ ಸರಿಯಾಗಿ ಕೂತಿಲ್ಲ ಕಣೋ."

"ಇದಕ್ಕೆ ದಾರ ಇಲ್ಲ ದೊಡ್ಡಮ್ಮ."

"ಝೇಂಕಾರ ಬರ್ತಿದೆಯಲ್ಲ, ದಾರ ಇಲ್ಲದೆ ಎಲ್ಲಿಂದ ಬರುತ್ತೆ? ಸ್ವಲ್ಪ ಹಿಂದಕ್ಕೆ ಸರಿಸು."

ತಂಬೂರಿಯ ಕುದುರೆ ಮೇಲೆ, ತಂತಿಯಡಿ, ಒಂದೆಳೆ ದಾರವನ್ನ ಕೂದಲೆಳೆಯಷ್ಟು ಆಚೀಚೆ ಸರಿಸಿ ಜೀವ ಹಿಡಿಯೋದನ್ನ ಚಿಕ್ಕಂದಿನಲ್ಲಿ ಅವರ ಪಕ್ಕದಲ್ಲೇ ಕೂತು ನೋಡಿದ್ದೆ. ಶುದ್ಧ ಸ್ವರಕ್ಕೆ ಬೇಕಂತಲೇ ಗುಂಯ್ ಸೇರಿಸೋ ಕಸುಬು ನಮ್ಮ ಮನೆಯಲ್ಲೇ ಇತ್ತು. ಸುಮ್ಮನೆ ಬಗ್ಗಿ ಟೋನ್ ತಿರುಪನ್ನ ಹನ್ನೊಂದರಿಂದ ಹತ್ತಕ್ಕೆ, ಹತ್ತರಿಂದ ಒಂಬತ್ತೂವರೆಗೆ ಇಳಿಸಿದೆ.

"ಹಾಂ, ಅಲ್ಲೇ ಬಿಡು. ಈಗ ಜೀವ ಬಂತು" ಅಂದರು. ನಾನು ಉಬ್ಬಿಹೋಗಿ ಇನ್ನೊಂದು ಸಲ ಬಾರಿಸಿದೆ.

"ಇನ್ನು ಶ್ರುತಿ ಮಾಡ್ಕೊ."