ಕೆಂಪು ಟೋಪಿಯ ಮೇಷ್ಟ್ರು

ಅಮೆರಿಕದ ಯಾವ ಮೂಲೆಗೆ ಹೋದರೂ ಇವರು ಸಿಗುತ್ತಾರೆ. ಹೆಸರು ಬಾಬ್ ಇರಬಹುದು, ಜಿಮ್ ಇರಬಹುದು, ಗ್ಯಾರಿ ಇರಬಹುದು. ವಯಸ್ಸು ಅರವತ್ತೈದು ದಾಟಿದೆ. ಅಂಚೆ ಇಲಾಖೆಯಲ್ಲೋ ವಿದ್ಯುತ್ ಕಂಪನಿಯಲ್ಲೋ ದುಡಿದು ನಿವೃತ್ತರಾದವರು. ಮಂಡಿನೋವು ಇದೆ. ಆದರೂ ಮಂಡಿಯೂರಿ ಗುರಿ ಹಿಡಿಯುವುದು ಹೇಗೆಂದು ದಿನಕ್ಕೆ ಹತ್ತಾರು ಸಲ ಮಾಡಿ ತೋರಿಸುತ್ತಾರೆ. ಏಳುವಾಗ ಮಾತ್ರ ‘ಎಲ್ಲರೂ ಟಾರ್ಗೆಟ್ ಕಡೆ ನೋಡಿ’ ಎಂದು ಆಜ್ಞೆಯಾಗುತ್ತದೆ. ನೋಡಲು ಅಲ್ಲಿ ಏನೂ ಇರುವುದಿಲ್ಲ. ನಾವು ಅತ್ತ ನೋಡುವಷ್ಟರಲ್ಲಿ ಮೇಷ್ಟ್ರು ಕಂಬ ಹಿಡಿದುಕೊಂಡು ಎದ್ದಿರುತ್ತಾರೆ.

ತಲೆಯ ಮೇಲೆ ಕೆಂಪು ಟೋಪಿ. ಕೆಂಪು ಟೋಪಿ ಎಂದ ಕೂಡಲೇ ಬೇರೇನೋ ನೆನೆಸಿಕೊಂಡು ಮುಖ ಸಿಂಡರಿಸಬೇಡಿ, ಮುಖ ಅರಳಿಸಲೂ ಬೇಡಿ. ಇದು ಚುನಾವಣೆಯ ಟೋಪಿ ಅಲ್ಲ, ಅದಕ್ಕಿಂತ ಹಳೆಯದು. ‘ಪ್ರಾಜೆಕ್ಟ್ ಆಪಲ್‌ಸೀಡ್’ ಎಂಬ ಸ್ವಯಂಸೇವಕರ ಕಾರ್ಯಕ್ರಮವೊಂದು ನಾರ್ತ್ ಕರೊಲೈನಾದಲ್ಲಿ ಹುಟ್ಟಿ, 2006ರಿಂದ ದೇಶದ ತುಂಬ ಹಬ್ಬಿದೆ. ಶನಿವಾರ, ಭಾನುವಾರ ಎರಡು ದಿನ ಜನರನ್ನು ಸೇರಿಸಿ ರೈಫಲ್ಲಿನಿಂದ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ನಡುನಡುವೆ, ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ 19ರ ಕಥೆ ಹೇಳುತ್ತಾರೆ. ಪರೀಕ್ಷೆ ಪಾಸಾಗಿ ತರಬೇತಿ ಮುಗಿಸಿದ ಬೋಧಕನಿಗೆ ಕೆಂಪು ಟೋಪಿ, ಇನ್ನೂ ಕಲಿಯುತ್ತಿರುವ ಬೋಧಕನಿಗೆ ಕಿತ್ತಳೆ ಟೋಪಿ. ಇವರೆಲ್ಲರ ಮೇಲೆ ಒಬ್ಬರು ‘ಶೂಟ್ ಬಾಸ್’. ಯಾರಿಗೂ ಬಿಡಿಗಾಸು ಸಂಬಳವಿಲ್ಲ. ಪೆಟ್ರೋಲೂ ಮೋಟೆಲ್ ಬಾಡಿಗೆಯೂ ಕೈಯಿಂದಲೇ. ಸಂಬಳ ಕೊಟ್ಟರೆ ಯಾರೂ ಮಾಡದಷ್ಟು ನಿಷ್ಠೆಯಿಂದ ಮಾಡುವ ಕೆಲಸಗಳು ಲೋಕದಲ್ಲಿ ಕೆಲವಿವೆ, ಇದು ಅವುಗಳಲ್ಲೊಂದು. ನಾವು ಕೆಲವು ಗೆಳೆಯರು ಹೋದದ್ದು ನಾರ್ತ್ ಕರೊಲೈನಾದ ಇಂಥದೊಂದು ಶಿಬಿರಕ್ಕೆ.

ಬಂದೂಕಿನ ಶಿಬಿರಕ್ಕೆ ಹೋದವರಿಗೆ ಮೊದಲು ತಿಳಿಯುವ ಸಂಗತಿ ಏನೆಂದರೆ ಅಲ್ಲಿ ಬಂದೂಕು ಮುಟ್ಟಲು ಬಿಡುವುದಿಲ್ಲ. ಬೆಳಿಗ್ಗೆ ಮೊದಲು ನಾಲ್ಕು ನಿಯಮಗಳ ಪಾಠ. ನಳಿಗೆ ಯಾವಾಗಲೂ ಸುರಕ್ಷಿತ ದಿಕ್ಕಿಗಿರಲಿ. ಹೇಳುವ ತನಕ ತೋಟಾ ತುಂಬಬೇಡ. ಕಣ್ಣು ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರ್ ಮೇಲೆ ಬೇಡ. ನಾಲ್ಕನೆಯದು, ಅಕ್ಕಪಕ್ಕದವರು ಈ ಮೂರನ್ನೂ ಪಾಲಿಸುವಂತೆ ನೋಡಿಕೋ. ಈ ನಾಲ್ಕನೆಯದರಿಂದಾಗಿ ಇಡೀ ಶಿಬಿರದಲ್ಲಿ ಪ್ರತಿಯೊಬ್ಬರೂ ಪಕ್ಕದವರಿಗೆ ಮೇಷ್ಟ್ರಾಗುತ್ತಾರೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ತಂದೆಗೆ ‘ಡ್ಯಾಡಿ, ಬೆರಳು!’ ಎಂದು ಗದರಿಸಿದಾಗ ಕೆಂಪು ಟೋಪಿಯವರ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

ಗುಂಡು ಹಾರಿಸಿ ಮುಗಿದ ಮೇಲೆ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಒಳಗೆ ಹಳದಿ ಪ್ಲಾಸ್ಟಿಕ್ ಕಡ್ಡಿ ತೂರಿಸಿ, ಬಂದೂಕನ್ನು ಚಾಪೆಯ ಮೇಲೆ ಮಲಗಿಸಿ ಹಿಂದಕ್ಕೆ ಸರಿಯಬೇಕು. ಟಾರ್ಗೆಟ್ ಕಡೆ ಜನ ನಡೆದಾಡುವಾಗ ಬಂದೂಕಿನ ಹತ್ತಿರ ಸುಳಿಯುವಂತಿಲ್ಲ. ನಮ್ಮ ಬಸವನಗುಡಿಯ ಗೆಳೆಯ ಚಾಪೆಯ ಮೇಲೆ ಬಿಟ್ಟುಬಂದ ನೀರಿನ ಬಾಟಲಿಗೆ ಬಗ್ಗಿದ್ದಷ್ಟೇ, ಐವತ್ತು ಅಡಿ ದೂರದಿಂದ ‘ಸರ್!’ ಎಂದು ಕೂಗು ಬಂತು. ಬಾಟಲಿ ಅಲ್ಲೇ ಉಳಿಯಿತು. ಅವನ ಬಾಯಾರಿಕೆಯೂ ನಿಂತುಹೋಯಿತು.

ಈ ಬಸವನಗುಡಿಯವನ ವಿಷಯ ಸ್ವಲ್ಪ ಹೇಳಬೇಕು. ಎಚ್-1ಬಿ ವೀಸಾದ ಮೇಲೆ ಬಂದವನು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಅವುಗಳಲ್ಲೊಂದು, ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಲೈಸೆನ್ಸ್. ಹೀಗಾಗಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ, ಏಕಾದಶಿಗೆ ಉಪವಾಸ ಇರುವ ಈ ಮನುಷ್ಯನ ಜೇಬಿನಲ್ಲಿ ಕಾಡುಪ್ರಾಣಿ ಬೇಟೆಯಾಡಲು ಸರ್ಕಾರ ಕೊಟ್ಟ ಅಪ್ಪಣೆ ಚೀಟಿ ಇದೆ. ಹೊಡೆಯುವುದು ಕಾಗದಕ್ಕೆ. ಚೀಟಿಯ ವಿಷಯ ಊರಿನಲ್ಲಿ ಅವನ ಅಮ್ಮನಿಗೆ ಇನ್ನೂ ಗೊತ್ತಿಲ್ಲ.

ಟಾರ್ಗೆಟ್ ಇರುವುದು 25 ಮೀಟರ್ ದೂರದಲ್ಲಿ. ಹಾಲನ್ನು ಗ್ಯಾಲನ್ನಿನಲ್ಲಿ, ದಾರಿಯನ್ನು ಮೈಲಿಯಲ್ಲಿ, ಸೆಕೆಯನ್ನು ಫ್ಯಾರನ್‌ಹೀಟ್‌ನಲ್ಲಿ ಅಳೆಯುವ ಈ ಮಹಾಶಯರು ಇಲ್ಲೊಂದು ಕಡೆ ಮೀಟರಿಗೆ ತಲೆಬಾಗಿದ್ದಾರೆ. ಕಾಗದದ ಮೇಲೆ ಮನುಷ್ಯಾಕೃತಿಗಳು ಒಂದಕ್ಕಿಂತ ಒಂದು ಸಣ್ಣದಾಗಿ ಅಚ್ಚಾಗಿರುತ್ತವೆ. ಅಷ್ಟು ಹತ್ತಿರದಲ್ಲಿದ್ದರೂ ನೂರರಿಂದ ನಾನೂರು ಗಜದ ವರೆಗಿನ ದೂರದಲ್ಲಿ ನಿಂತವರನ್ನು ನೋಡಿದಂತಿರಬೇಕು, ಅದಕ್ಕೆ ಈ ಲೆಕ್ಕ. ನಾನೂರು ಗಜದವನು ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡವನಲ್ಲ. ನಿಯಮಗಳ ಪಾಠ ಮುಗಿದ ಕೂಡಲೇ ಇಂಥ ಕಾಗದಕ್ಕೆ ಹದಿಮೂರು ಗುಂಡು ಹೊಡೆಸುತ್ತಾರೆ. ಗುರಿಯ ಪಾಠ ಇನ್ನೂ ಶುರುವಾಗಿರುವುದಿಲ್ಲ. ನಮಗೆ ಏನೂ ಬರುವುದಿಲ್ಲ ಎಂಬುದು ನಮಗೇ ಗೊತ್ತಾಗಲಿ ಎಂದು ಈ ಏರ್ಪಾಡು.

ಆಮೇಲೆ ಮೇಷ್ಟ್ರು ಕಾಗದ ಹಿಡಿದು ನಿಲ್ಲುತ್ತಾರೆ. ನಮ್ಮೂರಿನ ಜೋಯಿಸರು ಜಾತಕ ಬಿಡಿಸಿದ ಹಾಗೆ. ತೂತುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿದ್ದರೆ ‘ಉಸಿರು ಎಳೆಯುತ್ತ ಹೊಡೆದಿದ್ದೀಯ’. ಎಡದಿಂದ ಬಲಕ್ಕೆ ಹರಡಿದ್ದರೆ ‘ಮೈ ಒಂದು ಕಡೆ, ಬಂದೂಕು ಇನ್ನೊಂದು ಕಡೆ’. ಒಂದು ಮಾತ್ರ ದೂರ ಹಾರಿದ್ದರೆ ‘ಇದು ಹೋಗುವಾಗ ಕಣ್ಣು ಮುಚ್ಚಿದ್ದೆ, ಅಲ್ವಾ?’. ಹೊಡೆದವನು ಇಲ್ಲ ಎನ್ನುತ್ತಾನೆ. ಮೇಷ್ಟ್ರು ನಗುತ್ತಾರೆ. ಗ್ರಹಚಾರವನ್ನು ಯಾರೂ ಒಂದೇ ಸಲಕ್ಕೆ ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತು. ಪರಿಹಾರವೂ ಅವರ ಬಳಿಯೇ ಇದೆ. ಇಷ್ಟು ಇಂಚು ತಪ್ಪಿದರೆ ಕೋನದ ಇಷ್ಟು ಮಿನಿಟ್, ಇಷ್ಟು ಮಿನಿಟ್ಟಿಗೆ ಸೈಟಿನಲ್ಲಿ ಇಷ್ಟು ಕ್ಲಿಕ್. ತಿರುಗಿಸು, ಮತ್ತೆ ಹೊಡಿ.

ಕಣ್ಣು ಮುಚ್ಚಿದ್ದನ್ನು ಸಾಬೀತುಪಡಿಸಲು ಒಂದು ಉಪಾಯವಿದೆ. ಒಬ್ಬನನ್ನು ಮಲಗಿಸಿ ಗುರಿ ಹಿಡಿಸುತ್ತಾರೆ. ಪಕ್ಕದಲ್ಲಿ ಕೂತವನು ಒಮ್ಮೆ ತೋಟಾ ತುಂಬುತ್ತಾನೆ, ಇನ್ನೊಮ್ಮೆ ತುಂಬಿದಂತೆ ನಟಿಸಿ ಬಿಟ್ಟುಬಿಡುತ್ತಾನೆ. ಮಲಗಿದವನಿಗೆ ಒಳಗೆ ಗುಂಡಿದೆಯೋ ಇಲ್ಲವೋ ತಿಳಿಯದು. ಟ್ರಿಗರ್ ಒತ್ತುತ್ತಾನೆ. ‘ಟಿಕ್’ ಎಂಬ ಸದ್ದಷ್ಟೇ. ಆದರೆ ಭುಜ ಅದುರಿ, ಕಣ್ಣು ಮುಚ್ಚಿ, ನಳಿಗೆ ನೆಲಕ್ಕೆ ತಲೆಬಾಗಿರುತ್ತದೆ. ಟೆಕ್ಸಸ್‌ನಲ್ಲಿ ಹುಟ್ಟಿ ತೊಟ್ಟಿಲಿನಿಂದಲೇ ಬಂದೂಕು ಕಂಡಿದ್ದೇನೆ ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದ ಆರಡಿ ಆಳೊಬ್ಬ ಖಾಲಿ ಬಂದೂಕಿಗೆ ಹೀಗೆ ಬೆಚ್ಚಿಬಿದ್ದ. ಮೇಷ್ಟ್ರು ಅವನಿಗೆ ಏನೂ ಹೇಳಲಿಲ್ಲ. ಮೆಲ್ಲಗೆ ಕಿತ್ತಳೆ ಟೋಪಿಯವನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಮೇಲೆ ಟೆಕ್ಸಸ್ ಸುದ್ದಿ ಬರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮಡಿಸುವ ಕುರ್ಚಿಗಳಲ್ಲಿ ಕೂತಾಗ ಮೇಷ್ಟ್ರ ನಿಜವಾದ ಅವತಾರ ಹೊರಬರುತ್ತದೆ. ಬಂದೂಕು ಒಂದು ನೆಪ. ಅವರು ಬಂದಿರುವುದು ಕಥೆ ಹೇಳಲು. ಬಾಸ್ಟನ್ನಿನಿಂದ ಏಳುನೂರು ಮಂದಿ ಬ್ರಿಟಿಷ್ ಸೈನಿಕರು ರಾತ್ರಿ ಹೊರಟರು, ಕಾಂಕರ್ಡ್‌ನಲ್ಲಿ ಬಚ್ಚಿಟ್ಟಿದ್ದ ಮದ್ದುಗುಂಡು ಜಪ್ತಿ ಮಾಡಲು. ಊರುಗಳಿಗೆ ಎಚ್ಚರಿಕೆ ಮುಟ್ಟಿಸಲು ಪಾಲ್ ರೆವಿಯರ್ ಕುದುರೆ ಏರಿದ. ನಾವು ಚಿತ್ರಾನ್ನದ ಡಬ್ಬಿ ತೆಗೆದೆವು. ಲೆಕ್ಸಿಂಗ್ಟನ್ನಿನ ಹುಲ್ಲುಬಯಲಲ್ಲಿ ಕ್ಷಯರೋಗಿ ಕ್ಯಾಪ್ಟನ್ ಪಾರ್ಕರ್ ತನ್ನ ಊರಿನ ಹತ್ತಾರು ಮಂದಿಯೊಂದಿಗೆ ಸಾಲು ನಿಂತ. ಆಕ್ಟನ್ ಊರಿನ ಐಸಾಕ್ ಡೇವಿಸ್ ಬಂದೂಕು ಮಾಡುವ ಕಸುಬಿನವನು, ಮನೆಯ ಹಿತ್ತಲಲ್ಲೇ ತನ್ನ ಜನರಿಗೆ ಗುರಿ ಅಭ್ಯಾಸ ಮಾಡಿಸಿದವನು. ಮಕ್ಕಳು ಜ್ವರದಿಂದ ಮಲಗಿದ್ದಾಗ ಹೆಂಡತಿಗೆ ಅವರನ್ನು ನೋಡಿಕೋ ಎಂದಷ್ಟೇ ಹೇಳಿ ಹೊರಟು, ನಾರ್ತ್ ಬ್ರಿಡ್ಜ್ ಬಳಿ ಮೊದಲ ಸುತ್ತಿನಲ್ಲೇ ಸತ್ತ. ಇಲ್ಲಿಗೆ ಬಂದಾಗ ಮೇಷ್ಟ್ರ ಗಂಟಲು ಕಟ್ಟುತ್ತದೆ. ಈ ಕಥೆಯನ್ನು ವರ್ಷಕ್ಕೆ ಎಷ್ಟು ಸಲ ಹೇಳಿದ್ದಾರೋ, ಅಷ್ಟೂ ಸಲ ಕಟ್ಟಿದೆಯಂತೆ. ನಟನೆ ಅಲ್ಲ. ನಾನು ಹತ್ತಿರದಿಂದ ನೋಡಿದೆ, ಕನ್ನಡಕ ತೆಗೆದು ಒರೆಸಿಕೊಂಡರು.

ಅವರಿಗೆ ಎಲ್ಲರಿಗಿಂತ ಪ್ರಿಯನಾದವನು ಸ್ಯಾಮುಯೆಲ್ ವಿಟ್ಟಮೋರ್. ಎಂಬತ್ತರ ಆಸುಪಾಸಿನ ಮುದುಕ. ಹಿಂತಿರುಗುತ್ತಿದ್ದ ಸೈನ್ಯಕ್ಕೆ ಗೋಡೆಯ ಮರೆಯಿಂದ ಗುಂಡು ಹಾರಿಸಿದ. ಅವರು ತಿರುಗಿ ಮುಖಕ್ಕೆ ಹೊಡೆದರು, ಬಯೋನೆಟ್ಟಿನಿಂದ ತಿವಿದರು, ಸತ್ತನೆಂದು ಬಿಟ್ಟುಹೋದರು. ಮುದುಕ 1793ರ ವರೆಗೆ ಬದುಕಿದ. ಇದನ್ನು ಹೇಳುವಾಗ ಮೇಷ್ಟ್ರು ಮಂಡಿ ಸವರಿಕೊಳ್ಳುತ್ತ ನಮ್ಮನ್ನೆಲ್ಲ ಒಂದು ಸುತ್ತು ನೋಡುತ್ತಾರೆ.

ಆಗ ಎದ್ದು ನಿಂತ, ಹೈಸ್ಕೂಲಿನ ಹುಡುಗನೊಬ್ಬ. ‘ಸರ್, ಆ ದಿನ ಹೆಚ್ಚಿನವರ ಕೈಲಿ ಇದ್ದದ್ದು ರೈಫಲ್ ಅಲ್ಲವಂತಲ್ಲ, ನಯಕೊಳವೆಯ ಮಸ್ಕೆಟ್ಟಂತೆ. ಅದರಲ್ಲಿ ಗುರಿ ಸರಿಯಾಗಿ ಕೂರುವುದೇ ಇಲ್ಲವಂತೆ. ದಿನವಿಡೀ ಸಾವಿರಾರು ಜನ ಹೊಡೆದರೂ ಸತ್ತ ಬ್ರಿಟಿಷರು ಎಪ್ಪತ್ತಮೂರೇ ಅಂತೆ.’ ಹುಡುಗ ಹೇಳಿದ್ದು ನಿಜ. ಊಟದ ಬಯಲು ಮೌನವಾಯಿತು. ಕಿತ್ತಳೆ ಟೋಪಿಯವನು ನೆಲ ನೋಡಿದ. ಮೇಷ್ಟ್ರು ಒಂದು ಕ್ಷಣ ಯೋಚಿಸಿ, ‘ಅದಕ್ಕೇ ಮಗು, ನೀನು ಇಲ್ಲಿಗೆ ಬಂದಿರೋದು!’ ಎಂದರು. ಈ ಉತ್ತರದ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಅದರ ವಿವರಣೆ ಮಾತ್ರ ಬಹಳ ಹೊತ್ತು ನಡೆಯಿತು.

ನಮ್ಮ ಜೊತೆ ಮಡಿಕೇರಿ ಕಡೆಯ ಒಬ್ಬ ಗೆಳೆಯನೂ ಇದ್ದ. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. ಕೊಡವರಿಗೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರ ವರೆಗೆ ಮುಂದುವರಿಸಿದೆ ಎಂದು ಅವನು ಹೇಳಿದಾಗ ಮೇಷ್ಟ್ರು ಟೋಪಿ ತೆಗೆದರು. ಆ ಎರಡು ದಿನಗಳಲ್ಲಿ ಅವರ ತಲೆಯನ್ನು ನಾವು ಕಂಡದ್ದು ಆಗಲೇ. ‘ಲೈಸೆನ್ಸೇ ಬೇಡ! ಈ ಹಕ್ಕನ್ನು ಯಾರ ಜೊತೆ ಹೋರಾಡಿ ಪಡೆದಿರಿ?’

‘ಹೋರಾಡಲಿಲ್ಲ ಸರ್. 1861ರಲ್ಲಿ ಕೊಟ್ಟರು.’

‘ಯಾರು?’

‘ಬ್ರಿಟಿಷರು. ಕಮಿಷನರ್ ಮಾರ್ಕ್ ಕಬ್ಬನ್.’

ಮೇಷ್ಟ್ರು ಟೋಪಿ ಮತ್ತೆ ಹಾಕಿಕೊಂಡರು. ಬೆಳಗಿನಿಂದ ಅಷ್ಟು ಕಷ್ಟಪಟ್ಟು ಓಡಿಸಿದ ಕೆಂಪು ಕೋಟಿನ ಬ್ರಿಟಿಷರು ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕೂತಿದ್ದರು. ಮೇಷ್ಟ್ರನ್ನು ಸಮಾಧಾನಪಡಿಸೋಣವೆಂದು ನಾನು ಬಾಯಿ ಹಾಕಿದೆ. ಇದೇ ಕರೊಲೈನಾದ ಗಿಲ್‌ಫರ್ಡ್ ಕೋರ್ಟ್‌ಹೌಸ್‌ನಲ್ಲಿ 1781ರಲ್ಲಿ ಜನರಲ್ ಕಾರ್ನ್‌ವಾಲಿಸ್ ನಿಮ್ಮವರ ಬಂದೂಕಿನ ಮುಂದೆಯೇ ಇದ್ದ, ಅದೇ ವರ್ಷ ಯಾರ್ಕ್‌ಟೌನಿನಲ್ಲಿ ಅವನ ಸೈನ್ಯ ಶರಣಾದ ಮೇಲೂ ಅವನನ್ನು ಜೀವಸಹಿತ ಮನೆಗೆ ಕಳಿಸಿದಿರಿ, ಹತ್ತು ವರ್ಷದ ಮೇಲೆ ಅವನು ನಮ್ಮ ಬೆಂಗಳೂರಿನ ಕೋಟೆಗೆ ಬಂದ, 1792ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ, ನೀವು ಸ್ವಲ್ಪ ನೋಡಿ ಗುರಿ ಇಟ್ಟಿದ್ದರೆ ಆಗುತ್ತಿತ್ತು ಎಂದೆ. ಮೇಷ್ಟ್ರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ‘ಸೆರಿಂಗಪಟಮ್’ ಎಂದು ಬರೆದುಕೊಂಡರು. ಭಾನುವಾರದ ಪಾಠದಲ್ಲಿ ಗುರಿ ತಪ್ಪಿದರೆ ಆಗುವ ಅನಾಹುತಕ್ಕೆ ಉದಾಹರಣೆಯಾಗಿ ನಮ್ಮ ಶ್ರೀರಂಗಪಟ್ಟಣ ಸೇರಿತ್ತು. ಕೊಡಗಿನ ಗೆಳೆಯ ಮಾತ್ರ ನನ್ನ ಮಾತಿಗೆ ತಲೆಯಾಡಿಸಲಿಲ್ಲ. ಟಿಪ್ಪುವಿನ ಕಾಲದ ವಿಷಯ ಕೊಡಗಿನವರ ಮುಂದೆ ನಾನೂ ಹೆಚ್ಚು ಬೆಳೆಸುವುದಿಲ್ಲ.

ಭಾನುವಾರ ಮಧ್ಯಾಹ್ನ ಪರೀಕ್ಷೆ. ನಲವತ್ತು ಗುಂಡು, 250 ಅಂಕ, 210 ಬಂದರೆ ‘ರೈಫಲ್‌ಮನ್’ ಎಂಬ ಬಟ್ಟೆಯ ಬಿಲ್ಲೆ. ನಿಂತು ಹತ್ತು ಗುಂಡಿಗೆ ಎರಡು ನಿಮಿಷ. ಆಮೇಲೆ ನಿಂತಲ್ಲಿಂದ ಕೂತು ಹತ್ತಕ್ಕೆ 55 ಸೆಕೆಂಡ್, ನಿಂತಲ್ಲಿಂದ ಬಿದ್ದು ಮಲಗಿ ಹತ್ತಕ್ಕೆ 65 ಸೆಕೆಂಡ್, ನಡುವೆ ಮ್ಯಾಗಜೀನ್ ಬದಲಾಯಿಸುವುದೂ ಅದರಲ್ಲೇ ಆಗಬೇಕು. ಮೇಜಿನ ಮುಂದೆ ಕೂತು ಬೆಳೆಸಿದ ಹೊಟ್ಟೆಗಳು ಕರೊಲೈನಾದ ಕೆಮ್ಮಣ್ಣಿಗೆ ಧೊಪ್ಪಧೊಪ್ಪನೆ ಬೀಳುವ ಸದ್ದು ಗುಂಡಿನ ಸದ್ದಿಗೇನೂ ಕಡಿಮೆ ಇರಲಿಲ್ಲ. ಕೊನೆಯ ಹತ್ತಕ್ಕೆ ಐದು ನಿಮಿಷ, ಅಂಕ ದುಪ್ಪಟ್ಟು.

ಕೊಡಗಿನವನು ನಿಂತು ಹೊಡೆದದ್ದನ್ನು ನೋಡಿ ಮೇಷ್ಟ್ರೇ ತಲೆದೂಗಿದರು. ಆದರೆ ಮಲಗಿ ಹೊಡೆಯುವಾಗ ಬಂದೂಕಿನ ಪಟ್ಟಿಯನ್ನು ತೋಳಿಗೆ ಬಿಗಿದುಕೊಳ್ಳಬೇಕೆಂದರೆ ಅವನು ಒಪ್ಪಲಿಲ್ಲ. ‘ನಮ್ಮಜ್ಜ ಪಟ್ಟಿ ಕಟ್ಟಿಕೊಂಡು ಹಂದಿ ಹೊಡೆದಿಲ್ಲ ಮಾರಾಯ’ ಎಂದ. 204 ಬಂತು. ಬಸವನಗುಡಿಯವನು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದ. ಪಟ್ಟಿ ಬಿಗಿ, ಉಸಿರು ಬಿಡು, ಮುಂದಿನ ಸೈಟ್ ನೋಡು, ಒತ್ತು, ಒತ್ತಿದ ಬೆರಳನ್ನು ತಕ್ಷಣ ಬಿಡಬೇಡ. ಸಿ.ಇ.ಟಿ.ಗೆ ಓದಿದ ಶಿಸ್ತಿನಲ್ಲೇ ಹೊಡೆದು 213 ತೆಗೆದ. ಮೇಷ್ಟ್ರು ಅವನಿಗೆ ಬಿಲ್ಲೆ ಕೊಟ್ಟು ಕೈ ಕುಲುಕಿ, ‘ಕಿತ್ತಳೆ ಟೋಪಿ ಹಾಕಿಕೊಳ್ಳುತ್ತೀಯಾ?’ ಎಂದು ಕೇಳಿಯೇಬಿಟ್ಟರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ.

ಎರಡು ದಿನವೂ ಮೇಷ್ಟ್ರು ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ ಎಂಬುದು ಹೊರಡುವಾಗ ಹೊಳೆಯಿತು. ಸಂಜೆ ನೆಲದಲ್ಲಿ ಬಿದ್ದಿದ್ದ ಹಿತ್ತಾಳೆಯ ಚಿಪ್ಪುಗಳನ್ನು ಆಯ್ದು ಡಬ್ಬಿಗೆ ತುಂಬುತ್ತಿದ್ದರು. ಬಗ್ಗಲಾಗದೆ, ಮಂಡಿಯೂರಿ.

ಹೋಗುವ ಮನಸ್ಸಿರುವ ಕನ್ನಡಿಗರಿಗೆ ಎರಡು ಮಾತು. ವೀಸಾದಲ್ಲಿರುವವರು ಕಾನೂನನ್ನು ತಿಳಿದವರಿಂದ ಕೇಳಿಕೊಂಡೇ ಹೆಜ್ಜೆ ಇಡಿ, ಇದರಲ್ಲಿ ತಮಾಷೆ ಇಲ್ಲ. ದೊಡ್ಡ ಬಂದೂಕು ಬೇಡ, .22 ರೈಫಲ್ ಸಾಕು. ಮೊಣಕೈಗೆ ಪ್ಯಾಡ್, ತಲೆಗೆ ಟೋಪಿ, ಚಿತ್ರಾನ್ನ ನಾಲ್ಕು ಜನಕ್ಕೆ ಸಾಲುವಷ್ಟು ಇರಲಿ. ಮಸ್ಕೆಟ್ ಪ್ರಶ್ನೆಯನ್ನು ಮಾತ್ರ ಊಟಕ್ಕೆ ಮುಂಚೆ ಕೇಳಬೇಡಿ.