ಬೂಸ್ಟು ಬೆಳೆಯಲಿ, ಪೈಪು ಉಳಿಯಲಿ

ಕಾರ್ಖಾನೆಗಳ ಕೊಳೆ ನೀರಿಗೆ ಹೊಸ ಮದ್ದು ಸಿಕ್ಕಿದೆಯಂತೆ. ಶಿಲೀಂಧ್ರ. ಅದೇ, ಅಣಬೆ, ಬೂಸ್ಟುಗಳ ಬಳಗ. ಸೆಮಿನಾರಿನ ಪರದೆಯ ಮೇಲೆ ಕಡುನೀಲಿ ನೀರು ತಿಳಿಯಾಗುತ್ತದೆ. ಚಪ್ಪಾಳೆ. ಊಟದ ಹೊತ್ತಿಗೆ ನದಿಯೂ ಉದ್ಧಾರ.

ಎಷ್ಟು ಹೊಸದು? ಸತ್ತ ಮರ ಕೊಳೆಸುವ ಫೆನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರ ಡಿಡಿಟಿಯನ್ನೂ ಒಡೆಯಬಲ್ಲದು ಎಂದು ಅಮೆರಿಕದ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು 1985ರಲ್ಲಿ. ಮರದ ಲಿಗ್ನಿನ್ ಮುರಿಯಲು ಅದು ಬಿಡುವ ಕಿಣ್ವಗಳು ಬಟ್ಟೆಯ ಬಣ್ಣವನ್ನೂ ಮುರಿಯುತ್ತವೆ. ಮುಖ ನೋಡಿ ಮಣೆ ಹಾಕುವುದಿಲ್ಲ. ಇಂಥವರಿಗೆ ನಮ್ಮಲ್ಲಿ ಕೆಲಸ ಸಿಗುವುದು ಕಷ್ಟವೇ.

ಇನ್ನೊಂದು ದುರ್ಗುಣವೂ ಇದೆ. ಸಾರಜನಕ ಸಿಗದೆ ಹಸಿದಾಗಲೇ ಅದು ಮೈಮುರಿದು ದುಡಿಯುತ್ತದೆ. ಹೊಟ್ಟೆ ತುಂಬಿದರೆ ಸುಮ್ಮನಾಗುತ್ತದೆ. ನಮ್ಮ ಅಧಿಕಾರಿಗಳು ಇದರಲ್ಲಿ ಎರಡನೆಯ ಪಾಠವನ್ನಷ್ಟೇ ಕಲಿತಿದ್ದಾರೆ.

ಈಗ ಅದನ್ನು ವೃಷಭಾವತಿಗೆ ಬಿಡಿ. ಬೆಂಗಳೂರಿನ ಪಾಯಿಖಾನೆಯೂ ಕಾರ್ಖಾನೆಯೂ ಕೂಡಿ ಹರಿಯುವ ನದಿ. ಸಾರಜನಕಕ್ಕೆ ಬರವಿಲ್ಲ. ಬ್ಯಾಕ್ಟೀರಿಯಾಗಳಿಗೆ ಲೆಕ್ಕವಿಲ್ಲ. ತುಸು ಹುಳಿ ನೀರು ಬೇಡುವ ಶಿಲೀಂಧ್ರ ಅಲ್ಲಿ ಬದುಕಿದರೆ ಹೆಚ್ಚು. ಅದು ದುಡಿಯಬೇಕಾದರೆ ಕೊಳೆ ನೀರು ಚರಂಡಿ ಸೇರುವ ಮೊದಲೇ, ಕಾರ್ಖಾನೆಯ ಗೇಟಿನೊಳಗೇ, ತೊಟ್ಟಿಯಲ್ಲಿ ನಿಲ್ಲಬೇಕು. ಗಂಟೆಗಟ್ಟಲೆ. ಕೆಲವೊಮ್ಮೆ ದಿನಗಟ್ಟಲೆ.

ಎಲ್ಲೋ ಕೇಳಿದ ಹಾಗಿದೆಯಲ್ಲವೇ? 1974ರ ಜಲಮಾಲಿನ್ಯ ಕಾಯ್ದೆಯ ಸಾರವೂ ಇದೇ. ಶುದ್ಧ ಮಾಡಿ, ಆಮೇಲೆ ಬಿಡಿ. ಸಂಸತ್ತಿನ ಮಾತು ಕೇಳದವರು ಬೂಸ್ಟಿನ ಮಾತು ಕೇಳುತ್ತಾರಂತೆ!

ಇರುವ ಶುದ್ಧೀಕರಣ ಘಟಕವನ್ನು ಕರೆಂಟ್ ಬಿಲ್ಲಿಗೆ ಹೆದರಿ ಆರಿಸಿಟ್ಟವರು. ತಪಾಸಣೆಯ ದಿನ ಮಾತ್ರ ಮೋಟಾರು ಹಾಕುವವರು. ಮಳೆ ಬಂದ ರಾತ್ರಿ ಕಳ್ಳ ಪೈಪಿನ ವಾಲ್ವ್ ತಿರುಗಿಸುವವರು. ಇವರು ಶಿಲೀಂಧ್ರಕ್ಕೆ ಸಕ್ಕರೆ ಉಣಿಸಿ, ಬಿಸಿ ತಂಪು ನೋಡಿಕೊಂಡು ಸಾಕುತ್ತಾರೆಯೇ? ಆರಿದ ಮೋಟಾರನ್ನು ಸಾಹೇಬರು ಬರುವಷ್ಟರಲ್ಲಿ ಮತ್ತೆ ಹಾಕಬಹುದು. ಬೂಸ್ಟು ಸತ್ತರೆ ಸತ್ತಿತು. ಸಾಹೇಬರು ಬಂದರೆಂದು ಎದ್ದು ಕೂರುವುದಿಲ್ಲ.

ಕ್ರೋಮಿಯಂನಂಥ ಲೋಹವನ್ನು ಅದು ಮಾಯ ಮಾಡುವುದೂ ಇಲ್ಲ. ಮೈಗೆ ಹತ್ತಿಸಿಕೊಳ್ಳುತ್ತದೆ, ಅಷ್ಟೆ. ಆಮೇಲೆ ಆ ಮೈಯೇ ಅಪಾಯಕಾರಿ ತ್ಯಾಜ್ಯ. ಎಲ್ಲಿಗೆ ಹಾಕುತ್ತೀರಿ ಎಂದು ಕೇಳುವ ಅಗತ್ಯವಿಲ್ಲ. ಯಾವುದಾದರೂ ಕೆರೆಯ ದಂಡೆ ಇದ್ದೇ ಇದೆ.

ಅತ್ತ ಭೈರಮಂಗಲದ ಸುತ್ತ ವೃಷಭಾವತಿಯ ನೀರೇ ಹೊಲಕ್ಕೆ ಹಾಯುತ್ತದೆ. ಅಲ್ಲಿಯ ರೈತ ಅಣಬೆ ಕೇಳಿಲ್ಲ. ನೀರು ಕೇಳಿದ್ದಾನೆ.

ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ಪ್ರಯೋಗ ನಡೆಯಲಿ. ಆದರೆ ಮೊದಲು ಗೇಟಿನಾಚೆಯ ಆ ಕಳ್ಳ ಪೈಪಿನ ಬಾಯಿಗೆ ಸಿಮೆಂಟು ಬೀಳಲಿ. ಅದಕ್ಕೆ ಸೂಕ್ಷ್ಮದರ್ಶಕ ಬೇಡ. ಒಬ್ಬ ಗಾರೆ ಕೆಲಸದವನು ಸಾಕು.