ಕುಂಬಾರನ ಕತ್ತೆಯೂ ಫುಟ್ಬಾಲ್ ಒಡೆಯರೂ: ಒಂದು ಶಾಸ್ತ್ರವಿಚಾರ

ಮಡಕೆ ಹುಟ್ಟುವುದಕ್ಕೆ ಕಾರಣ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ನೈಯಾಯಿಕರು ಶತಮಾನಗಟ್ಟಲೆ ಅರೆದು ಕುಡಿದಿದ್ದಾರೆ. ಮಣ್ಣು ಕಾರಣ, ಚಕ್ರ ಕಾರಣ, ಕೋಲು ಕಾರಣ, ಕುಂಬಾರನಂತೂ ಕಾರಣವೇ. ಮಣ್ಣು ಹೊತ್ತು ತಂದ ಕತ್ತೆ? ಮಡಕೆ ಆಗುವ ಮುಂಚೆ ಅದು ಅಲ್ಲೇ ಅಂಗಳದಲ್ಲಿ ನಿಂತಿತ್ತು, ನಿಜ. ಆದರೂ ಅದು ಕಾರಣವಲ್ಲ. ಅದಿಲ್ಲದೆಯೂ ಮಡಕೆ ಆಗುತ್ತಿತ್ತು. ಇಂಥದ್ದಕ್ಕೆ ಅನ್ಯಥಾಸಿದ್ಧ ಎಂದು ಹೆಸರಿಟ್ಟು ಕತ್ತೆಯನ್ನು ಶಾಸ್ತ್ರದ ಹೊರಗೆ ಅಟ್ಟಿದರು. ಅಮೆರಿಕದ ವೃತ್ತಿಪರ ಫುಟ್ಬಾಲಿನಲ್ಲಿ ತಂಡದ ಬೆಲೆಯೇ ಮಡಕೆ, ಆಟವೇ ಆ ಕತ್ತೆ ಎಂದು ಸಪ್ರಮಾಣವಾಗಿ ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಇಲ್ಲಿ ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು, ಹೆಲ್ಮೆಟ್ ಹಾಕಿದವರು ಒಬ್ಬರ ಮೇಲೊಬ್ಬರು ಬೀಳುವ ಆಟ. ನಡೆಸುವವರು ಎನ್‌ಎಫ್‌ಎಲ್ ಎಂಬ ಲೀಗಿನವರು. ಆಟದ ನಿಯಮಗಳನ್ನು ಇಲ್ಲಿ ವಿವರಿಸುವುದಿಲ್ಲ. ಮಡಕೆಯ ಶಾಸ್ತ್ರಕ್ಕೆ ಕತ್ತೆಯ ಅಂಗಲಕ್ಷಣ ಬೇಕಿಲ್ಲ.

ಪೂರ್ವಪಕ್ಷ ಹೀಗಿದೆ: ತಂಡ ಗೆದ್ದರೆ ಬೆಲೆ ಏರುತ್ತದೆ, ಸೋತರೆ ಇಳಿಯುತ್ತದೆ. ಇದು ಟಿಕೆಟಿಗೆ ದುಡ್ಡು ಕೊಟ್ಟು ಚಳಿಯಲ್ಲಿ ಕೂತವರ ಮತ. ಭಕ್ತಿ ಇದೆ, ಪ್ರಮಾಣವಿಲ್ಲ.

ಮೊದಲು ಡಲ್ಲಾಸನ್ನು ಪರಿಶೀಲಿಸೋಣ. 1989ರಲ್ಲಿ ತೈಲ ವ್ಯಾಪಾರಿ ಜೆರ್ರಿ ಜೋನ್ಸ್ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಸುಮಾರು 14 ಕೋಟಿ ಡಾಲರಿಗೆ ಕೊಂಡರು. ಕೊಂಡ ದಿನವೇ, 29 ಸೀಸನ್ ತಂಡವನ್ನು ಪಳಗಿಸಿದ್ದ ಕೋಚ್ ಟಾಮ್ ಲ್ಯಾಂಡ್ರಿಯನ್ನು ಮನೆಗೆ ಕಳಿಸಿದರು. ಆಮೇಲೆ ಮೂರು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯದ ಗೆಲುವು, ಬಂದವು, ಕೊನೆಯದು 1996ರ ಜನವರಿಯಲ್ಲಿ. ಅಲ್ಲಿಂದಾಚೆಗೆ ತಂಡ ಸೂಪರ್ ಬೌಲಿನ ಮುಖ ಕಂಡಿಲ್ಲ. 2011ರಲ್ಲಂತೂ ಸೂಪರ್ ಬೌಲೇ ಅವರ ಹೊಸ ಸ್ಟೇಡಿಯಂ ಹುಡುಕಿಕೊಂಡು ಬಂತು. ಆಡಿದವರು ಪಿಟ್ಸ್‌ಬರ್ಗಿನವರು ಮತ್ತು ಗ್ರೀನ್ ಬೇಯವರು. ಡಲ್ಲಾಸಿನವರದು ಛತ್ರ ಬಾಡಿಗೆಗೆ ಕೊಟ್ಟವರ ಪಾತ್ರ. ಇಂಥ ತಂಡಕ್ಕೆ ಫೋರ್ಬ್ಸ್ ಪತ್ರಿಕೆ 2025ರಲ್ಲಿ ಕಟ್ಟಿದ ಬೆಲೆ 1,300 ಕೋಟಿ ಡಾಲರ್. ಜಗತ್ತಿನ ಯಾವ ಕ್ರೀಡೆಯ ಯಾವ ತಂಡಕ್ಕೂ ಅದರ ಪಟ್ಟಿಯಲ್ಲಿ ಇಷ್ಟು ಬೆಲೆಯಿಲ್ಲ.

ಬಫಲೋ ಇನ್ನೂ ಶುದ್ಧವಾದ ದೃಷ್ಟಾಂತ. ರಾಲ್ಫ್ ವಿಲ್ಸನ್ ಎಂಬವರು 1959ರಲ್ಲಿ 25,000 ಡಾಲರ್ ಕಟ್ಟಿ ತಂಡ ಪಡೆದರು. 1991ರಿಂದ 1994ರ ತನಕ ಆ ತಂಡ ಸತತ ನಾಲ್ಕು ಸಲ ಸೂಪರ್ ಬೌಲ್ ತಲುಪಿ, ನಾಲ್ಕನ್ನೂ ಸೋತಿತು. ಬೇರೆ ಯಾರಿಗೂ ಈ ಸಾಧನೆ ಕೈಗೂಡಿಲ್ಲ. ವಿಲ್ಸನ್ ತೀರಿಕೊಂಡ 2014ರಲ್ಲಿ ತಂಡ ಮಾರಾಟವಾದದ್ದು 140 ಕೋಟಿ ಡಾಲರಿಗೆ. ಭಾಗಿಸಿ ನೋಡಿ: 56,000 ಪಟ್ಟು.

ಇನ್ನು ವಾಷಿಂಗ್ಟನ್. ಡ್ಯಾನ್ ಸ್ನೈಡರ್ 1999ರಲ್ಲಿ 80 ಕೋಟಿ ಡಾಲರಿಗೆ ಕೊಂಡು 24 ವರ್ಷ ಆಳಿದರು. ಅಷ್ಟೂ ವರ್ಷದಲ್ಲಿ ಪ್ಲೇಆಫ್ ಹಂತದ ಗೆಲುವು ಎರಡು. ಕಚೇರಿಯ ಹೆಣ್ಣುಮಕ್ಕಳು ಕಿರುಕುಳದ ದೂರು ಕೊಟ್ಟರು, ತನಿಖೆಗಳಾದವು, ಲೀಗ್ 6 ಕೋಟಿ ಡಾಲರ್ ದಂಡ ಹಾಕಿತು. 2023ರಲ್ಲಿ ಅವರು ತಂಡವನ್ನು ಬಿಟ್ಟುಕೊಟ್ಟದ್ದು 605 ಕೋಟಿ ಡಾಲರಿಗೆ. ದಂಡ ಎಂದರೆ ಮಾರಾಟದ ಬೆಲೆಯಲ್ಲಿ ನೂರಕ್ಕೆ ಒಂದು ಪಾಲು. ಬೆಂಗಳೂರಿನಲ್ಲಿ ಸೈಟು ಮಾರಿಸಿಕೊಡುವ ಬ್ರೋಕರ್ ನೂರಕ್ಕೆ ಎರಡು ಕೇಳುತ್ತಾನೆ, ಅದೂ ಯಾರಿಗೂ ಕಿರುಕುಳ ಕೊಡದೆ.

ಇಷ್ಟಕ್ಕೇ ಆತುರದ ಶಿಷ್ಯನೊಬ್ಬ ಎದ್ದು, ‘ಹಾಗಾದರೆ ಸೋಲೇ ಬೆಲೆಗೆ ಕಾರಣ, ಎಲ್ಲೆಲ್ಲಿ ಸೋಲೋ ಅಲ್ಲಲ್ಲಿ ಬೆಲೆ’ ಎನ್ನಬಹುದು. ತಪ್ಪು. ರಾಬರ್ಟ್ ಕ್ರಾಫ್ಟ್ 1994ರಲ್ಲಿ ಸುಮಾರು 17 ಕೋಟಿಗೆ ಕೊಂಡ ನ್ಯೂ ಇಂಗ್ಲೆಂಡ್ ತಂಡ ಆರು ಸೂಪರ್ ಬೌಲ್ ಗೆದ್ದಿತು, ಅದರ ಬೆಲೆಯೂ ಗಗನಕ್ಕೇರಿತು. ಗೆದ್ದರೂ ಏರಿತು, ಸೋತರೂ ಏರಿತು. ಕತ್ತೆ ಬಿಳಿಯದೋ ಕಪ್ಪೋ, ಮಡಕೆ ಮಡಕೆಯೇ. ಇದೇ ಅನ್ಯಥಾಸಿದ್ಧಿ.

ಹಾಗಾದರೆ ನಿಜವಾದ ಕಾರಣ ಯಾವುದು? ಇದಕ್ಕೆ ನ್ಯಾಯಶಾಸ್ತ್ರವನ್ನು ಬಿಟ್ಟು ಧರ್ಮಶಾಸ್ತ್ರಕ್ಕೆ ಬರಬೇಕು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಅವಿಭಕ್ತ ಕುಟುಂಬದಲ್ಲಿ ಹುಟ್ಟಿದ ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಎಂದ. ಮಗ ದುಡಿಯುತ್ತಾನೋ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂರುತ್ತಾನೋ ಎಂದು ವಿಚಾರಿಸಲಿಲ್ಲ. ಈ ತತ್ತ್ವ ಇಂದು ಅತ್ಯಂತ ನಿಷ್ಠೆಯಿಂದ ಆಚರಣೆಯಲ್ಲಿರುವುದು ಕಲ್ಯಾಣದಲ್ಲೂ ಅಲ್ಲ, ಕಲಬುರಗಿಯಲ್ಲೂ ಅಲ್ಲ, ನ್ಯೂಯಾರ್ಕಿನ ಎನ್‌ಎಫ್‌ಎಲ್ ಕಚೇರಿಯಲ್ಲಿ. ಎಲ್ಲ ತಂಡಗಳೂ ಸೇರಿ ಟಿವಿ ಹಕ್ಕನ್ನು ಒಟ್ಟಿಗೆ ಮಾರಬಹುದು ಎಂಬ ಕಾನೂನಿಗೆ 1961ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದರು. ಬೇರೆ ವ್ಯಾಪಾರಿಗಳು ಹೀಗೆ ಕೂಡಿಕೊಂಡು ಬೆಲೆ ಗೊತ್ತುಮಾಡಿದ್ದರೆ ಕೋರ್ಟಿನ ಕಟಕಟೆ ಹತ್ತುತ್ತಿದ್ದರು. ಬಂದ ಹಣವನ್ನು ಈ ತಂಡಗಳೆಂಬ ಮನೆಗಳು ಸಮನಾಗಿ ಹಂಚಿಕೊಳ್ಳುತ್ತವೆ. 2021ರಲ್ಲಿ ಕುದುರಿದ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್, ಅವಧಿ ಹನ್ನೊಂದು ವರ್ಷ. ಪಾಲುದಾರ ಮನೆಗಳು 32. ಹೊಸದಾಗಿ ಹುಟ್ಟಿದ ಮನೆ 2002ರಲ್ಲಿ ಆಟಕ್ಕಿಳಿದ ಹ್ಯೂಸ್ಟನ್. ಅದು ಹುಟ್ಟುವುದಕ್ಕೇ 70 ಕೋಟಿ ಡಾಲರ್ ಕಟ್ಟಬೇಕಾಯಿತು. ಆಮೇಲೆ ಬಾಣಂತಿ ಕೋಣೆಗೆ ಬೀಗ.

ಪ್ರತಿ ಮನೆಗೆ ಎಷ್ಟು ಬರುತ್ತದೆ ಎಂಬುದು ಗುಟ್ಟು. ಮೂವತ್ತೊಂದು ಮನೆಗಳು ಲೆಕ್ಕದ ಪುಸ್ತಕ ಹೊರಗೆ ತೆಗೆಯುವುದಿಲ್ಲ. ವಿಸ್ಕಾನ್ಸಿನ್ನಿನ ಸಣ್ಣ ಊರು ಗ್ರೀನ್ ಬೇಯ ತಂಡಕ್ಕೆ ಶೇರು ಕೊಂಡ ಸಾಮಾನ್ಯ ಜನರೇ ಒಡೆಯರು, ಹಾಗಾಗಿ ಅದೊಂದು ಮಾತ್ರ ವರ್ಷವರ್ಷ ಲೆಕ್ಕ ಒಪ್ಪಿಸುತ್ತದೆ. ಪಾಲು ಸಮವಾದ್ದರಿಂದ, ಒಂದು ಅಗುಳು ಹಿಸುಕಿ ಇಡೀ ಅನ್ನ ಬೆಂದಿದೆಯೇ ಎಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯ ಅನ್ವಯಿಸುತ್ತದೆ. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಗ್ರೀನ್ ಬೇಗೆ ಲೀಗಿನ ಪಾಲಾಗಿ ಬಂದದ್ದು 43.26 ಕೋಟಿ ಡಾಲರ್. ಆ ಸೀಸನ್ನಿನಲ್ಲಿ ಒಂದು ತಂಡ ಆಟಗಾರರ ಸಂಬಳಕ್ಕೆ ತೋರಿಸಬಹುದಾದ ಗರಿಷ್ಠ ಮಿತಿ 25.54 ಕೋಟಿ. ಒಂದು ಟಿಕೆಟ್ ಹರಿಯುವ ಮುಂಚೆ, ಒಂದು ಗ್ಲಾಸ್ ಬಿಯರ್ ಮಾರುವ ಮುಂಚೆ ಸಂಬಳ ಕಳೆದು ಹದಿನೇಳು ಕೋಟಿಗೂ ಹೆಚ್ಚು ಉಳಿಯಿತು. ಆಟಗಾರರು ಮೈದಾನಕ್ಕೆ ಬರುವುದು ಒಂದು ರೀತಿಯ ಸೌಜನ್ಯ.

ಕರ್ಮಸಿದ್ಧಾಂತದ ದೃಷ್ಟಿಯಿಂದ ಇದು ವಿಷಮ ಪ್ರಸಂಗ. ಇಂಗ್ಲೆಂಡಿನ ಕಾಲ್ಚೆಂಡಿನಲ್ಲಿ ಸೋತವರು ಕೆಳಗಿನ ಲೀಗಿಗೆ ಬೀಳುತ್ತಾರೆ, ಮಾಡಿದ್ದುಣ್ಣೋ ಮಹಾರಾಯ. ಅಮೆರಿಕದಲ್ಲಿ ಕೆಳಗೆ ಬೀಳಲು ಜಾಗವೇ ಇಲ್ಲ. ಕ್ಲೀವ್‌ಲ್ಯಾಂಡ್ ತಂಡ 2017ರಲ್ಲಿ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತಿತು. ಅದರ ಫಲವಾಗಿ ಮರುವರ್ಷ ದೇಶದ ಕಾಲೇಜು ಹುಡುಗರಲ್ಲಿ ಮೊದಲ ಆಯ್ಕೆಯ ಹಕ್ಕು ಅದಕ್ಕೇ ಸಿಕ್ಕಿತು. ಫೇಲಾದವನನ್ನು ಮುಂದಿನ ಬೆಂಚಿಗೆ ಕರೆದು ಲಾಡು ಕೊಟ್ಟಂತೆ ಎನ್ನಲು ಮನಸ್ಸಾಗುತ್ತದೆ, ಆದರೆ ಶಾಸ್ತ್ರಗ್ರಂಥದಲ್ಲಿ ಉಪಮೆಗಳ ಮಿತಿ ಮೀರಬಾರದು.

ಕುಂಬಾರನ ಅಪ್ಪನ ವಿಚಾರಕ್ಕೂ ಒಂದು ತಿದ್ದುಪಡಿ ಅಗತ್ಯ. ಕುಂಬಾರನ ಅಪ್ಪನೂ ಮಡಕೆಗೆ ಕಾರಣವಲ್ಲ, ಅವನು ಕುಂಬಾರನಿಗೆ ಮಾತ್ರ ಕಾರಣ ಎಂದು ನೈಯಾಯಿಕರು ಅವನನ್ನೂ ಕತ್ತೆಯ ಜೊತೆಗೇ ಹೊರಗೆ ಹಾಕಿದ್ದಾರೆ. ಫುಟ್ಬಾಲಿನಲ್ಲಿ ಈ ಮಾತು ನಿಲ್ಲುವುದಿಲ್ಲ. 1920ರ ಸೆಪ್ಟೆಂಬರಿನಲ್ಲಿ ಓಹಾಯೋದ ಕ್ಯಾಂಟನ್ ಊರಿನ ಒಂದು ಕಾರ್ ಶೋರೂಮಿನಲ್ಲಿ ಈ ಲೀಗ್ ಹುಟ್ಟಿತು. ಕುರ್ಚಿ ಸಾಲದೆ, ಸ್ಥಾಪಕರಲ್ಲೊಬ್ಬರಾದ ಜಾರ್ಜ್ ಹಾಲಸ್ ಕಾರಿನ ಪಾವಟಿಗೆಯ ಮೇಲೆ ಕೂತಿದ್ದರಂತೆ. ತಂಡವೊಂದಕ್ಕೆ ನೂರು ಡಾಲರ್ ಎಂದು ಗೊತ್ತುಮಾಡಿದರು. ಅಷ್ಟು ದುಡ್ಡು ಆ ಕೋಣೆಯಲ್ಲಿ ಎಲ್ಲರ ಜೇಬೂ ಸೇರಿ ಇತ್ತೇ ಎಂದು ಹಾಲಸ್ ಆಮೇಲೆ ತಾವೇ ಅನುಮಾನಪಟ್ಟಿದ್ದಾರೆ. ಅವರ ಶಿಕಾಗೊ ತಂಡ ಇಂದಿಗೂ ಮಗಳ ಸಂತಾನದ ಕೈಯಲ್ಲಿದೆ. ಟಿಮ್ ಮಾರಾ 1925ರಲ್ಲಿ 500 ಡಾಲರ್ ಕೊಟ್ಟರು, ನ್ಯೂಯಾರ್ಕ್ ತಂಡದಲ್ಲಿ ಮೊಮ್ಮಕ್ಕಳ ಪಾಲಿದೆ. ಆರ್ಟ್ ರೂನಿ 1933ರಲ್ಲಿ 2,500 ಕೊಟ್ಟರು, ಪಿಟ್ಸ್‌ಬರ್ಗ್ ಮೊಮ್ಮಗನ ಉಸ್ತುವಾರಿಯಲ್ಲಿದೆ. ಸರಿಯಾದ ಹೊತ್ತಿಗೆ ಸರಿಯಾದ ಅಪ್ಪನ ಹೊಟ್ಟೆಯಲ್ಲಿ ಹುಟ್ಟುವುದು ಈ ಕ್ಷೇತ್ರದ ಪ್ರಧಾನ ಕೌಶಲ.

ಈಗ ಪ್ರಬಂಧದ ಅತಿ ಸೂಕ್ಷ್ಮ ಭಾಗ: ತೆರಿಗೆ. ಅಮೆರಿಕದ 2004ರ ಕಾನೂನಿನ ಪ್ರಕಾರ, ತಂಡ ಕೊಂಡವರು ಕೊಟ್ಟ ಬೆಲೆಯ ಬಹುಪಾಲನ್ನು ಹದಿನೈದು ವರ್ಷಗಳಲ್ಲಿ ಸವಕಳಿ ಎಂದು ಬರೆದು ಆದಾಯದಿಂದ ಕಳೆಯಬಹುದು. ಆಟಗಾರರು ಸವೆಯುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಮೂಲ ಯೋಚನೆ ಬೇಸ್‌ಬಾಲಿನ ಬಿಲ್ ವೀಕ್ ಎಂಬ ಒಡೆಯರದು. ಈಗ ಆಟಗಾರರು ಮಾತ್ರವಲ್ಲ, ತಂಡದ ಹೆಸರೂ ಸವೆಯುತ್ತದೆ, ಟಿವಿ ಒಪ್ಪಂದವೂ ಸವೆಯುತ್ತದೆ. ಅತ್ತ ಫೋರ್ಬ್ಸ್ ಪಟ್ಟಿಯಲ್ಲಿ ಅದೇ ತಂಡ ವರ್ಷವರ್ಷ ಬೆಳೆಯುತ್ತದೆ. ಏಕಕಾಲದಲ್ಲಿ ಕ್ಷಯವೂ ವೃದ್ಧಿಯೂ ಹೇಗೆ ಸಾಧ್ಯ ಎಂದು ತಾರ್ಕಿಕರು ತಲೆ ಕೆರೆದುಕೊಂಡಾರು. ಅದ್ವೈತಿಗಳಿಗೆ ಇದು ಸಮಸ್ಯೆಯೇ ಅಲ್ಲ. ತೆರಿಗೆ ಇಲಾಖೆಗೆ ತೋರುವುದು ವ್ಯಾವಹಾರಿಕ ಸತ್ಯ, ಕೊಳ್ಳುವವನಿಗೆ ತೋರುವುದು ಪಾರಮಾರ್ಥಿಕ. ಇಲ್ಲಿ ನಿಜವಾಗಿ ಸವೆಯುವ ವಸ್ತು ಒಂದೇ, ಆಟಗಾರನ ಮೊಣಕಾಲು. ಅದರ ಸವಕಳಿಯನ್ನು ಅವನು ತನ್ನ ಲೆಕ್ಕದಲ್ಲಿ ಬರೆಯುವಂತಿಲ್ಲ. ಬರೆಯುವ ಹಕ್ಕು ಆ ಮೊಣಕಾಲಿನ ಒಡೆಯನದಲ್ಲ, ತಂಡದ ಒಡೆಯನದು.

ಸ್ಟೇಡಿಯಂ ಕಟ್ಟುವ ಭಾರ ಎಷ್ಟೋ ಸಲ ಊರಿನ ಮೇಲೂ ಬೀಳುತ್ತದೆ. ಲಾಸ್ ವೇಗಸ್ ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಕೊಟ್ಟಿತು. ಬಫಲೋದ ಹೊಸ ಸ್ಟೇಡಿಯಂಗೆ ರಾಜ್ಯವೂ ಕೌಂಟಿಯೂ ಸೇರಿ 85 ಕೋಟಿ ಒಪ್ಪಿದವು. ಇಂಥ ಖರ್ಚು ಊರಿಗೆ ಹುಟ್ಟುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ದಶಕಗಳಿಂದ ಬರೆಯುತ್ತಿದ್ದಾರೆ, ಅವರಲ್ಲಿ ಇಷ್ಟು ಒಮ್ಮತವಿರುವ ವಿಷಯಗಳು ಕಡಿಮೆ. ಆದರೂ ಊರುಗಳು ಕೊಡುತ್ತವೆ. ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಟಿಮೋರಿನ ಪಾಠವಿದೆ.

ಬಾಲ್ಟಿಮೋರ್ ಕೋಲ್ಟ್ಸ್ ಒಡೆಯ ರಾಬರ್ಟ್ ಇರ್ಸೆ ಸ್ಟೇಡಿಯಂ ಸರಿಯಿಲ್ಲ ಎಂದು ಗೊಣಗುತ್ತಿದ್ದರು. ತಂಡವನ್ನು ಸರ್ಕಾರವೇ ವಶಪಡಿಸಿಕೊಳ್ಳಬಹುದಾದ ಮಸೂದೆ ಮೇರಿಲ್ಯಾಂಡ್ ಶಾಸನಸಭೆಯಲ್ಲಿ ಮುಂದೆ ಸಾಗಿತು. 1984ರ ಮಾರ್ಚ್ 28ರ ರಾತ್ರಿ, ಹಿಮ ಬೆರೆತ ಮಳೆಯಲ್ಲಿ, ಮೇಫ್ಲವರ್ ಕಂಪನಿಯ ಸಾಮಾನು ಸಾಗಿಸುವ ಲಾರಿಗಳು ತರಬೇತಿ ಶಿಬಿರಕ್ಕೆ ಬಂದವು. ಹೆಲ್ಮೆಟ್ಟು, ಪ್ಯಾಡು, ಕಚೇರಿ ಕಡತ, ಟ್ರೋಫಿ ಎಲ್ಲವನ್ನೂ ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ಇಂಡಿಯಾನಾಪೊಲಿಸ್ ಹಾದಿ ಹಿಡಿದವು. ಪೊಲೀಸರು ತಡೆದಾರೆಂದು ಲಾರಿಗಳು ಬೇರೆ ಬೇರೆ ದಾರಿ ಹಿಡಿದಿದ್ದವಂತೆ. ತಂಡದ ಬ್ಯಾಂಡಿನವರ ಸಮವಸ್ತ್ರ ಮಾತ್ರ ಉಳಿಯಿತು, ಏಕೆಂದರೆ ಅದು ಲಾಂಡ್ರಿಯಲ್ಲಿತ್ತು. ಅದನ್ನು ಇರ್ಸೆಯ ಕೈಗೆ ಸಿಗದಂತೆ ಸ್ಮಶಾನವೊಂದರಲ್ಲಿ ಬಚ್ಚಿಟ್ಟು, ಎನ್‌ಎಫ್‌ಎಲ್ ತಂಡವೇ ಇಲ್ಲದ ಊರಿನಲ್ಲಿ ಬ್ಯಾಂಡಿನವರು ಹನ್ನೆರಡು ವರ್ಷ ವಾದ್ಯ ನುಡಿಸಿಕೊಂಡು ಬಂದರು. ಆಟವೂ ಇಲ್ಲದೆ ಅಭಿಮಾನ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಪ್ರಸ್ತುತ ಲೇಖಕನಿಗೆ ಸಿಕ್ಕಿಲ್ಲ. ಕತ್ತೆ ಹೊರಟುಹೋದರೂ ಗಂಟೆಯ ಸದ್ದು ನಿಲ್ಲಲಿಲ್ಲ. 1996ರಲ್ಲಿ ಬಾಲ್ಟಿಮೋರ್ ಬುದ್ಧಿ ಕಲಿತು, ಸಾರ್ವಜನಿಕ ಹಣದ ಹೊಸ ಸ್ಟೇಡಿಯಂ ತೋರಿಸಿ, ಕ್ಲೀವ್‌ಲ್ಯಾಂಡಿನ ಆಗಿನ ತಂಡವನ್ನು ಎಬ್ಬಿಸಿಕೊಂಡು ಬಂತು. ಕ್ಲೀವ್‌ಲ್ಯಾಂಡಿನವರು ಅತ್ತರು. ಬಾಲ್ಟಿಮೋರಿನವರಿಗೆ ಆ ಅಳು ಪರಿಚಿತ, ಆದರೆ ಬ್ಯಾಂಡ್ ಜೋರಾಗಿತ್ತು.

ಆಧುನಿಕ ಸಂಶೋಧನೆಗೂ ಇಲ್ಲಿ ಅವಕಾಶವಿದೆ. 2024ರ ಆಗಸ್ಟಿನಲ್ಲಿ ಖಾಸಗಿ ಹೂಡಿಕೆ ಸಂಸ್ಥೆಗಳಿಗೆ ಒಂದು ತಂಡದಲ್ಲಿ ನೂರಕ್ಕೆ ಹತ್ತರವರೆಗೆ ಪಾಲು ಕೊಳ್ಳಲು ಒಡೆಯರು ಅನುಮತಿಸಿದರು. ಕೊಂಡವರಿಗೆ ತಂಡ ನಡೆಸುವುದರಲ್ಲಿ ಮಾತಿಲ್ಲ. ನೂರಾರು ಕೋಟಿ ಸುರಿದು ಸುಮ್ಮನೆ ಕೂರುವ ಈ ಹೊಸ ವರ್ಗವನ್ನು ಸಾಕ್ಷಿಪುರುಷರು ಎಂದು ಕರೆಯಬಹುದೇ ಎಂಬುದು ಸಾಂಖ್ಯರ ಪರಿಶೀಲನೆಗೆ ಬಿಟ್ಟದ್ದು.

ಒಂದು ಆಕ್ಷೇಪ ಉಳಿದಿದೆ. ಗ್ರೀನ್ ಬೇ ತಂಡಕ್ಕೆ ಐದು ಲಕ್ಷಕ್ಕೂ ಹೆಚ್ಚು ಶೇರುದಾರರಿದ್ದಾರೆ, ಅವರೂ ಒಡೆಯರೇ, ಅವರ ಸಂಪತ್ತು ಏಕೆ ಬೆಳೆದಿಲ್ಲ? ಉತ್ತರ ಅವರ ಶೇರಿನ ಷರತ್ತುಗಳಲ್ಲೇ ಇದೆ. ಲಾಭಾಂಶ ಇಲ್ಲ. ಮಾರುಕಟ್ಟೆಯಲ್ಲಿ ಮಾರುವಂತಿಲ್ಲ. ಟಿಕೆಟ್ ಸಿಗುವ ಭರವಸೆ ಇಲ್ಲ, ಸೀಸನ್ ಟಿಕೆಟ್ಟಿನ ಸರತಿಯಲ್ಲಿ ಲಕ್ಷಕ್ಕೂ ಮಿಕ್ಕಿ ಹೆಸರುಗಳಿವೆ. ಲಾಭದ ಆಸೆಯಿಂದ ಯಾರೂ ಕೊಳ್ಳಬೇಡಿ ಎಂದು ಮಾರುವವರೇ ಮುದ್ರಿಸಿ ಎಚ್ಚರಿಸುತ್ತಾರೆ. ಶೇರುದಾರ ವರ್ಷಕ್ಕೊಮ್ಮೆ ಸಭೆಗೆ ಹೋಗಿ ಕೈ ಎತ್ತಬಹುದು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. 2021ರ ಕೊನೆಯಲ್ಲಿ ಮಾರಾಟಕ್ಕಿಟ್ಟಾಗ ಒಂದು ಶೇರಿಗೆ 300 ಡಾಲರ್. ಜನ ಮುಗಿಬಿದ್ದು ಕೊಂಡರು, ಮೇಲೆ 35 ಡಾಲರ್ ನಿರ್ವಹಣಾ ಶುಲ್ಕವನ್ನೂ ಕೊಟ್ಟರು.